ಕೊಳ ತೊಳೆದ ಮಂಗಳವಾರ

ಹನ್ನೆರಡು ದಿನಗಳಿಂದ ಬೂದಿ ಉದುರುತ್ತಲೇ ಇತ್ತು. ಹನ್ನೆರಡು ದಿನಗಳಿಂದ ಫಿಲೆಮೋನ್ ಅರ್ರಿಯೋಲ ಅದನ್ನು ಬಲೆಯಲ್ಲಿ ಹಿಡಿದು ಬೇಲಿಯಾಚೆ ಸುರಿಯುತ್ತಲೇ ಇದ್ದ. ಬೆಂಕಿಯೇನೋ ಕಣಿವೆಯ ಆ ಕಡೆ, ನಲವತ್ತು ಮೈಲಿ ದೂರದಲ್ಲಿತ್ತು. ಹೊಗೆ ಮಾತ್ರ ಮನೆಯ ನೆಂಟನಂತೆ ಬಂದು ಕೂತುಬಿಟ್ಟಿತ್ತು. ಬೆಳಗ್ಗೆ ಒಂಬತ್ತಕ್ಕೂ ಕಾರುಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಸೂರ್ಯ ಯಾವಾಗ ಹುಟ್ಟಿದ, ಯಾವಾಗ ಮುಳುಗಿದ ಎಂದು ಕೇಳುವವರೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಆ ಬೆಟ್ಟದ ಬುಡದ ಊರುಗಳಲ್ಲಿ ಫಿಲೆಮೋನ್ ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಈಜುಕೊಳ ತೊಳೆಯುತ್ತಿದ್ದ. ಅವನ ಮನೆಯಲ್ಲಿ ಒಂದು ನೀರಿನ ತೊಟ್ಟಿಯೂ ಇರಲಿಲ್ಲ, ಅದು ಬೇರೆ ಮಾತು. ಮೇಲೆ ತೇಲುವುದನ್ನು ಬಲೆಯಲ್ಲಿ ಎತ್ತಬೇಕು, ಅಂಚಿನಲ್ಲಿ ಕಸ ಹಿಡಿಯುವ ಬುಟ್ಟಿ ಕೊಡವಬೇಕು, ಗೋಡೆ ತಿಕ್ಕಬೇಕು, ಫಿಲ್ಟರ್ ಬಿಚ್ಚಿ ತೊಳೆಯಬೇಕು, ಕ್ಲೋರಿನ್ ಹಾಕಬೇಕು. ಹೊಗೆಯ ದಿನಗಳಲ್ಲಿ ಇಷ್ಟೂ ಮಾಡಿ ಗೇಟು ಹಾಕಿಕೊಂಡು ತಿರುಗಿ ನೋಡಿದರೆ ನೀರಿನ ಮೇಲೆ ಬೂದಿಯ ಕೆನೆ ಮತ್ತೆ ಕಟ್ಟಿರುತ್ತಿತ್ತು. ಕ್ಲೋರಿನ್ ಎಷ್ಟು ಸುರಿದರೂ ನಿಲ್ಲುತ್ತಿರಲಿಲ್ಲ. ಬೂದಿ ತಿಂದು ಪಾಚಿ ಕೊಬ್ಬುತ್ತಿತ್ತು. ಈ ಕಸುಬಿನ ಉಳಿದವರೆಲ್ಲ ಬುದ್ಧಿವಂತರು. ಹೊಗೆ ಹೋದ ಮೇಲೆ ಬರುತ್ತೇವೆ ಎಂದು ಮನೆಗಳಿಗೆ ಹೇಳಿ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಫಿಲೆಮೋನ್ ಹಟಮಾರಿ. ತನ್ನ ಕೈಯಲ್ಲಿರುವ ಕೊಳ ಹಸಿರಾಯಿತು ಎಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಯಾರೂ ಇಳೀದ ನೀರನ್ನ ಯಾರಿಗೋಸ್ಕರ ತಿಕ್ತೀಯಾ ಮುದುಕಾ?" ಎಂದು ಹೆಂಡತಿ ಎಲ್ವೀರಾ ದಿನಾ ಬೆಳಗ್ಗೆ ಕೇಳುತ್ತಿದ್ದಳು. "ನಿನ್ ಎದೆ ಒಳಗೆ ಸೀಟಿ ಹೊಡೀತಿದೆ. ಮೊದಲು ಅದನ್ನ ತಿಕ್ಕಿಸ್ಕೊಂಡು ಬಾ."

"ಒಬ್ರು ಇಳೀತಾರೆ" ಎನ್ನುತ್ತಿದ್ದ ಅವನು.

ಆ ಒಬ್ಬರು ಲೊರೀನ್ ಹ್ಯಾಸ್ಕೆಟ್. ಕಟ್ಲರ್ ಬೆಟ್ಟದ ದಾರಿಯ ಕಟ್ಟಕಡೆಯ ಮನೆ ಅವರದು. ವಯಸ್ಸು ಎಂಬತ್ತೊಂದು. ಮೂವತ್ತು ವರ್ಷ ಆ ಬೆಟ್ಟದ ತಿರುವುಗಳಲ್ಲಿ ಶಾಲೆಯ ಬಸ್ಸು ಓಡಿಸಿದವರು. ಗಂಡ ತೀರಿಹೋಗಿ ಹದಿನಾರು ವರ್ಷವಾಗಿತ್ತು. ಎರಡು ಮೊಣಕಾಲೂ ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು. ದಿನಾ ಬೆಳಗ್ಗೆ ಕೊಳಕ್ಕಿಳಿದು, ಎದೆಮಟ್ಟದ ನೀರಿನಲ್ಲಿ ಆ ಕಡೆಯಿಂದ ಈ ಕಡೆಗೆ ನಲವತ್ತು ಸಲ ನಡೆಯುತ್ತಿದ್ದರು. ನಡೆದ ದಿನ ಕೋಲು ಹಿಡಿದು ಅಡುಗೆಮನೆಯವರೆಗೆ ಹೋಗುತ್ತಿದ್ದರು, ಕಾಫಿ ಮಾಡಿಕೊಳ್ಳುತ್ತಿದ್ದರು, ಬಾಗಿಲು ತೆರೆದು ಫಿಲೆಮೋನನನ್ನು ಬೈಯುತ್ತಿದ್ದರು. ನಡೆಯದ ದಿನ ಕುರ್ಚಿಯೇ ಗತಿ. ಹಾಗಾಗಿ ಆ ಕೊಳ ಅವರಿಗೆ ಶೋಕಿಯಲ್ಲ, ಅದೇ ಅವರ ಕಾಲು.

ಮನೆ ಬಿಟ್ಟು ಇಳಿದು ಬನ್ನಿ ಎಂದು ಪೊಲೀಸರು ಮೂರು ಸಲ ಬಂದು ಕೇಳಿಕೊಂಡಿದ್ದರು. ಪಟ್ಟಣದಲ್ಲಿದ್ದ ಮಗಳು ಡಾರ್ಲಾ ಫೋನಿನಲ್ಲಿ ಅತ್ತು ಕರೆದಿದ್ದಳು. ಲೊರೀನ್ ಯಾರ ಮಾತಿಗೂ ಜಗ್ಗಲಿಲ್ಲ.

"ನಂಗೆ ಪೂಲ್ ಇದೆ" ಎಂದಿದ್ದರು ಪೊಲೀಸರಿಗೆ. "ಬೆಂಕಿ ಬಂದ್ರೆ ನೀರಿಗಿಳಿದು ಕೂತ್ಕೋತೀನಿ. ಬೇಕಿದ್ರೆ ನೀವೂ ಬನ್ನಿ, ಜಾಗ ಇದೆ. ಚಡ್ಡಿ ಮಾತ್ರ ನೀವೇ ತನ್ನಿ."

ಇದು ಬರೀ ಬಾಯಿಮಾತಲ್ಲ. ಬೆಟ್ಟದ ಜನ ಹಾಗೆ ಕತ್ತಿನವರೆಗೂ ನೀರಿನಲ್ಲಿ ಕೂತು, ಒದ್ದೆ ಕಂಬಳಿ ತಲೆಮೇಲೆಳೆದುಕೊಂಡು ಬದುಕಿ ಬಂದದ್ದುಂಟು. ಲೊರೀನ್ ಕೊಳದ ಮೆಟ್ಟಿಲ ಪಕ್ಕ ಎರಡು ಉಣ್ಣೆ ಕಂಬಳಿ, ಒಂದು ಈಜು ಕನ್ನಡಕ ಇಡಿಸಿಕೊಂಡಿದ್ದರು. ಇಟ್ಟುಕೊಟ್ಟವನು ಫಿಲೆಮೋನನೇ.

ಎಡವಟ್ಟಾದದ್ದು ಶನಿವಾರ. ಮೆಟ್ಟಿಲಿನ ಮೇಲೆ ಪಾಚಿ ಹಿಡಿದಿತ್ತು, ಲೊರೀನ್ ಕಾಲು ಜಾರಿತು. ಹಿಡಿಕಂಬಿ ಸಿಕ್ಕಿದ್ದರಿಂದ ಬೀಳಲಿಲ್ಲ. ಆದರೆ ಎಂಟೆದೆಯ ಹೆಂಗಸಿಗೂ ಅಂದಿನಿಂದ ನೀರಿನ ಬಗ್ಗೆ ಭಯ ಹೊಕ್ಕಿತು. ಭಾನುವಾರ ಇಳಿಯಲಿಲ್ಲ, ಸೋಮವಾರ ಇಳಿಯಲಿಲ್ಲ. ಮಂಗಳವಾರ ಬೆಳಗ್ಗೆ ಆರೂವರೆಗೆ ಫಿಲೆಮೋನ್ ಬಾಗಿಲು ಬಡಿದಾಗ, ತೆರೆಯುವುದಕ್ಕೆ ಅವರಿಗೆ ಹತ್ತು ನಿಮಿಷ ಹಿಡಿಯಿತು. ಕೋಲಿನ ಸದ್ದು, ಆಮೇಲೆ ಮೌನ, ಮತ್ತೆ ಕೋಲಿನ ಸದ್ದು. ಅವನು ಹೊರಗೆ ನಿಂತು ಅದನ್ನೆಲ್ಲ ಕೇಳಿಸಿಕೊಂಡ. ಬಾಗಿಲು ತೆರೆದಾಗ ಲೊರೀನ್ ಹಿಂದಿನ ದಿನದ ಬಟ್ಟೆಯಲ್ಲೇ ಇದ್ದರು. ಕುರ್ಚಿಯಲ್ಲೇ ರಾತ್ರಿ ಕಳೆದದ್ದು ಗೊತ್ತಾಗುತ್ತಿತ್ತು.

"ಏನ್ ನೋಡ್ತೀಯಾ ಫಿಲ್? ನನ್ ಮೊಣಕಾಲಿಗಿಂತ ನಿನ್ ಮುಖಾನೇ ಜಾಸ್ತಿ ಜೋತು ಬಿದ್ದಿದೆ."

"ಮಿಸ್ ಲೊರೀನ್, ನನ್ ಜೊತೆ ಇಳಿದು ಬಂದುಬಿಡಿ. ನಮ್ಮನೇಲೇ ಇರಿ. ಎಲ್ವೀರಾ ಖುಷಿಪಡ್ತಾಳೆ."

"ನಿನ್ ಹೆಂಡ್ತಿ ಬೈಗುಳ ತಿನ್ನೋಕೆ ನೀನೊಬ್ನೇ ಸಾಕು. ನಾನ್ ಇಲ್ಲೇ ಇರ್ತೀನಿ."

ಅವತ್ತು ಗಾಳಿ ತಿರುಗಿತ್ತು. ಹದಿಮೂರನೆಯ ದಿನಕ್ಕೆ ಮೊದಲ ಸಲ ಆಕಾಶ ನೀಲಿಯಾಗಿ ಕಂಡಿತ್ತು. ಬೆಂಕಿ ಬಹುಪಾಲು ಹತೋಟಿಗೆ ಬಂದಿದೆ ಎಂದು ರೇಡಿಯೋ ಹೇಳುತ್ತಿತ್ತು. ಫಿಲೆಮೋನ್ ಕೊಳದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರು ನೋಡಿದ. ಬೂದು, ಹಸಿರು, ನಾತ. ಗೋಡೆಯ ಗಾರೆಗೆ ಕಪ್ಪು ಗೆರೆ ಕೂತಿತ್ತು. ಈ ನೀರಿಗೆ ಇನ್ನು ಯಾವ ಔಷಧವೂ ನಾಟುವುದಿಲ್ಲ, ಹೊರಗೆ ಚೆಲ್ಲಿ ತೊಳೆದು ಹೊಸದು ತುಂಬಿಸಬೇಕು, ಅಷ್ಟೇ.

ಬೆಂಕಿಯ ಕಾಲದಲ್ಲಿ ಕೊಳ ಖಾಲಿ ಮಾಡಬಾರದು ಎನ್ನುವುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ಮಳೆ ಬೀಳುವವರೆಗೂ ಒಂದು ಹನಿಯನ್ನೂ ಚೆಲ್ಲಬೇಡಿ ಎಂದು ಅದೇ ವಾರ ನಾಲ್ಕು ಮನೆಯವರಿಗೆ ಬೆರಳು ತೋರಿಸಿ ಹೇಳಿದ್ದ. ಆದರೆ ಆ ನಾಲ್ಕು ಮನೆಗಳಲ್ಲಿ ಕುರ್ಚಿಯಲ್ಲಿ ಮಲಗುವ ಮುದುಕಿ ಇರಲಿಲ್ಲ.

"ಬೇಡ ಫಿಲ್" ಎಂದರು ಲೊರೀನ್. "ಕೊಳಕಾದ್ರೂ ನೀರು ನೀರೇ. ಇರ್ಲಿ ಬಿಡು."

"ಇವತ್ತು ತೊಳೆದು ಪೈಪ್ ಬಿಟ್ರೆ ನಿಮ್ ಬೋರ್‌ವೆಲ್ಲಿಗೆ ಎರಡೂವರೆ ದಿನ ಸಾಕು. ಶುಕ್ರವಾರ ಬೆಳಗ್ಗೆ ನೀವು ನೀರಲ್ಲಿರ್ತೀರಿ."

ಅವರು ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. ಊದಿಕೊಂಡು ಮಡಕೆಯಂತಾಗಿದ್ದವು.

"ಶುಕ್ರವಾರ ಅಂದ್ರೆ ಶುಕ್ರವಾರ" ಎಂದರು ಕೊನೆಗೆ. "ಮೂವತ್ತು ವರ್ಷ ಬಸ್ ಓಡ್ಸಿದೀನಿ. ತಡ ಮಾಡೋರನ್ನ ಕಂಡ್ರೆ ನಂಗಾಗಲ್ಲ."

ಅವನು ದೊಡ್ಡ ಪಂಪು ಇಳಿಸಿದ. ಹತ್ತೂವರೆಗೆಲ್ಲ ಕೊಳ ಬರಿದಾಯಿತು. ಒಳಗಿಳಿದು, ಮುಖಕ್ಕೆ ಮುಸುಕು ಕಟ್ಟಿಕೊಂಡು, ಆಮ್ಲ ಸುರಿದು, ಉದ್ದ ಬ್ರಷ್ಷಿನಲ್ಲಿ ಗಾರೆ ತಿಕ್ಕಿದ. ಕೆಮ್ಮು ಬಂದಾಗ ಗೋಡೆಗೊರಗಿ ನಿಂತು, ಮತ್ತೆ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಕೊಳ ಹಾಲಿನಲ್ಲಿ ತೊಳೆದಂತೆ ಬೆಳ್ಳಗಾಗಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಹೆಮ್ಮೆಯಾಯಿತು. ಎರಡೂವರೆಗೆ ಬೋರ್‌ವೆಲ್ಲಿನ ಪೈಪು ತಂದು ಆಳದ ಕಡೆಗೆ ಬಿಟ್ಟ. ಬೆರಳು ಗಾತ್ರದ ಧಾರೆ ಬೀಳತೊಡಗಿತು. ಕಿಟಕಿಯಲ್ಲಿ ಕೂತಿದ್ದ ಲೊರೀನ್ ಕೋಲು ಮೇಲೆತ್ತಿ ಆಡಿಸಿದರು. ಅವನು ಖುಷಿಯಿಂದ ಮನೆಗೆ ಹೋದ.

ಬುಧವಾರ ಬೆಳಗ್ಗೆ ಏಳೂಮುಕ್ಕಾಲಿಗೆ ಎಲ್ವೀರಾ ಮೊಟ್ಟೆ ಹುರಿಯುತ್ತಿದ್ದಳು. ಫಿಲೆಮೋನ್ ತೋರ್ತಿಯಾ ರೊಟ್ಟಿ ಮುರಿದು ಬಾಯಿಗಿಡುತ್ತ ಫೋನು ನೋಡಿದ. ಬಿರುಗಾಳಿಯ ಮುನ್ಸೂಚನೆ ಇರುವುದರಿಂದ ಹಿಂದಿನ ರಾತ್ರಿ ಒಂಬತ್ತರಿಂದಲೇ ಬೆಟ್ಟದ ಮೇಲೆ ಕರೆಂಟು ತೆಗೆದಿದ್ದಾರೆ ಎಂಬ ಸುದ್ದಿ ಬಂದಿತ್ತು. ಹೊಸದೇನಲ್ಲ, ಗಾಳಿ ಎದ್ದರೆ ತಂತಿಯಿಂದ ಕಿಡಿ ಹಾರೀತೆಂದು ಪ್ರತಿ ವರ್ಷ ತೆಗೆಯುತ್ತಾರೆ. ಅವನು ಇನ್ನೊಂದು ತುತ್ತು ತಿಂದ. ಆಮೇಲೆ ಅವನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು.

ಕರೆಂಟಿಲ್ಲದೆ ಬೋರ್‌ವೆಲ್ ಓಡುವುದಿಲ್ಲ.

ಎರಡೂವರೆಯಿಂದ ರಾತ್ರಿ ಒಂಬತ್ತು. ಆರೂವರೆ ಗಂಟೆಯ ನೀರು. ಆ ಕೊಳದ ಹೊಟ್ಟೆ ಎಷ್ಟು, ಆ ಪೈಪಿನ ಧಾರೆ ಎಷ್ಟು ಎನ್ನುವುದು ಅವನಿಗೆ ನಿದ್ದೆಯಲ್ಲೂ ಗೊತ್ತು. ಆಳದ ಕಡೆ ಮೊಣಕಾಲುಮಟ್ಟ. ಇತ್ತ ಕಡೆ ಪಾದವೂ ನೆನೆಯದು. ಲೊರೀನ್ ಮನೆಗೆ ಫೋನು ಮಾಡಿದ, ಸತ್ತ ಫೋನು. ಕಿಟಕಿಯ ಹೊರಗೆ ಮರಗಳು ಉತ್ತರದ ಗಾಳಿಗೆ ಬಗ್ಗುತ್ತಿದ್ದವು.

ಅವನ ಪಿಕಪ್ ಬಾಗಿಲಲ್ಲೇ ನಿಂತಿತ್ತು. ಬೆಟ್ಟದ ಮನೆಗೆ ಮೂವತ್ತೈದು ನಿಮಿಷದ ದಾರಿ. ಹೋಗಿ, ಆ ಮುದುಕಿಯನ್ನು ಬೈದುಕೊಂಡಾದರೂ ಎತ್ತಿ ಸೀಟಿನಲ್ಲಿ ಕೂರಿಸಿ ಇಳಿಸಿಕೊಂಡು ಬರಬೇಕು ಎಂದು ಯಾರಿಗಾದರೂ ಹೊಳೆಯುತ್ತಿತ್ತು. ದಾರಿಯಲ್ಲಿ ಹೋಗುವವನಿಗೂ ಹೊಳೆಯುತ್ತಿತ್ತು. ಫಿಲೆಮೋನನಿಗೆ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ಕೊಳವನ್ನೇ ನೋಡಿದ ಆ ತಲೆಗೆ ಹೊಳೆದದ್ದು ಒಂದೇ, ಕೊಳ ಖಾಲಿ ಇದೆ, ತುಂಬಬೇಕು.

ಪಟ್ಟಣದ ಇನ್ನೊಂದು ತುದಿಯಲ್ಲಿ ಅವನ ಸೋದರಸಂಬಂಧಿ ಚೇಮಾನ ಹತ್ತಿರ ರಸ್ತೆ ಕೆಲಸಕ್ಕೆ ನೀರು ಹೊಡೆಯುವ ಟ್ಯಾಂಕರ್ ಲಾರಿ ಇತ್ತು. ಅಲ್ಲಿಗೋಡಿದ. ಚೇಮಾ ಕೀ ಹುಡುಕಿದ, ಬ್ಯಾಟರಿ ಇಳಿದಿತ್ತು, ಬೇರೆ ಗಾಡಿಯಿಂದ ತಂತಿ ಹಾಕಿ ಚಾಲೂ ಮಾಡಿದರು. ಕಾಲುವೆಯ ಹತ್ತಿರ ನೀರು ತುಂಬಲು ಮುಕ್ಕಾಲು ಗಂಟೆ ಹೋಯಿತು. ತುಂಬಿದ ಲಾರಿ ಏರಿನಲ್ಲಿ ತೆವಳುತ್ತದೆ. ಫಿಲೆಮೋನ್ ಒಬ್ಬನೇ ಓಡಿಸಿಕೊಂಡು ಬೆಟ್ಟದ ಬುಡ ಮುಟ್ಟಿದಾಗ ಹತ್ತು ಐವತ್ತು. ಆಕಾಶ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಸ್ತೆಗೆ ಅಡ್ಡಲಾಗಿ ಪೊಲೀಸ್ ಗಾಡಿ ನಿಂತಿತ್ತು. ಒಬ್ಬ ಪೊಲೀಸಿನವಳು ಕೈ ಎತ್ತಿ ತಡೆದಳು.

"ರಸ್ತೆ ಬಂದ್ ಸರ್. ಬೆಂಕಿ ಕಣಿವೆ ದಾಟಿದೆ."

"ಯಾವಾಗ ಬಂದ್ ಮಾಡಿದ್ರಿ?"

"ಇಪ್ಪತ್ತು ನಿಮಿಷ ಆಯ್ತು."

"ಮೇಲೆ ಒಬ್ರಿದಾರೆ. ಕಟ್ಲರ್ ದಾರಿ ಕೊನೇ ಮನೆ. ಹ್ಯಾಸ್ಕೆಟ್ ಅಂತ."

ಅವಳು ಕೈಯಲ್ಲಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಹ್ಯಾಸ್ಕೆಟ್. ಇದೆ. ಬರಲ್ಲ ಅಂದಿದಾರೆ. ಪೂಲ್ ಇದೆ ಅಂತ ಬರ್ಕೊಂಡಿದೀವಿ."

"ಪೂಲ್ ಇದೆ, ನೀರಿಲ್ಲ."

"ಏನ್ ಹಾಗಂದ್ರೆ?"

"ನಾನೇ ಖಾಲಿ ಮಾಡ್ದೆ. ನಿನ್ನೆ. ತೊಳೆಯೋಕೆ." "ತುಂಬ್ತಾ ಇತ್ತು, ಕರೆಂಟ್ ಹೋಯ್ತು. ಅವ್ರಿಗೆ ನಡೆಯೋಕಾಗಲ್ಲಮ್ಮಾ. ಬಿಡಿ ನನ್ನ."

ಅವಳು ಅವನ ಮುಖವನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ ರೇಡಿಯೋ ಬಾಯಿಗೆ ಹಿಡಿದಳು. ಬಹಳ ಹೊತ್ತು ಮಾತಾಡಿದಳು. ಬಂದ ಉತ್ತರ ಅವನಿಗೂ ಕೇಳಿಸಿತು. ಕಟ್ಲರ್ ದಾರಿಯ ಕಡೆಗಿದ್ದ ಒಂದೇ ಒಂದು ಫೈರ್ ಇಂಜಿನ್ನು ಹತ್ತು ಗಂಟೆಗೆ ಆ ದಾರಿಯ ಕವಲಿಗೆ ಬಂದಿತ್ತು. ಪಟ್ಟಿ ನೋಡಿ, ನೀರಿರುವವರನ್ನು ಬಿಟ್ಟು ನೀರಿಲ್ಲದವರ ಕಡೆ ತಿರುಗಿಕೊಂಡಿತ್ತು. ಈಗ ಆ ಕವಲೇ ಉರಿಯುತ್ತಿತ್ತು.

ಫಿಲೆಮೋನ್ ಹೋಗಿ ಲಾರಿ ಹತ್ತಿ ಗೇರು ಹಾಕಿದ. ಪೊಲೀಸಿನವಳು ಓಡಿಬಂದು ಬಂಪರಿಗೆ ಎದೆ ಕೊಟ್ಟು ನಿಂತಳು.

"ಕೀ ಕೊಡಿ ಸರ್."

"ಪಕ್ಕಕ್ಕೆ ಸರೀರಿ."

"ನೀವು ಹೋದ್ರೆ ನಿಮ್ಮನ್ನ ಹುಡುಕೋಕೆ ನಾನು ಇಬ್ರನ್ನ ಕಳಿಸ್ಬೇಕು. ಅವ್ರಿಗೂ ಮನೇಲಿ ಮಕ್ಕಳಿದಾರೆ. ಕೀ ಕೊಡಿ." ಅವಳ ಕಣ್ಣಲ್ಲೂ ನೀರಿತ್ತು. ಹೊಗೆಗೋ ಬೇರೆ ಯಾವುದಕ್ಕೋ, ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೀ ಕೊಟ್ಟ.

ಅರ್ಧ ಗಂಟೆಯಾದ ಮೇಲೆ ನೀರು ಮುಗಿದ ಒಂದು ಇಂಜಿನ್ನು ಕೆಳಗಿಳಿದು ಬಂತು. ಲಾರಿಯಲ್ಲಿರುವ ನೀರು ಕೊಡ್ತೀರಾ ಎಂದು ಅದರ ಹುಡುಗರು ಕೇಳಿದರು. ಅವನು ಹೂಂ ಎಂದು ತಲೆಯಾಡಿಸಿದ. ಹತ್ತೇ ನಿಮಿಷದಲ್ಲಿ ಹೀರಿಕೊಂಡು ಬೇರೆ ಯಾವುದೋ ರಸ್ತೆಯ ಕಡೆ ಹೋದರು. ಅವನು ಖಾಲಿ ಲಾರಿಯ ಮೆಟ್ಟಿಲ ಮೇಲೆ ಕೂತು ಬೆಟ್ಟ ನೋಡಿದ. ಬೆಟ್ಟ ಕಾಣುತ್ತಿರಲಿಲ್ಲ. ಪಿಕಪ್ಪಿನಲ್ಲಿ ಬಂದಿದ್ದರೆ ಎಂಟೂವರೆಗೆ ಅಲ್ಲಿರುತ್ತಿದ್ದೆ, ಒಂಬತ್ತೂವರೆಗೆ ಇಬ್ಬರೂ ಎಲ್ವೀರಾಳ ಅಡುಗೆಮನೆಯಲ್ಲಿ ಕೂತಿರುತ್ತಿದ್ದೆವು ಎನ್ನುವುದು ಅವನಿಗೆ ತಿಳಿದದ್ದು ಆಗ. ಅವನು ತಲೆ ತಲೆ ಚಚ್ಚಿಕೊಂಡ. ಪೊಲೀಸಿನವಳು ಬಂದು ಒಂದು ನೀರಿನ ಬಾಟಲಿ ಪಕ್ಕದಲ್ಲಿಟ್ಟು ಹೋದಳು.

ಎಂಟು ದಿನಗಳ ನಂತರ ಸುದ್ದಿ ಬಂತು. ಲೊರೀನ್ ಹ್ಯಾಸ್ಕೆಟ್ ಪೂಲ್‌ನಲ್ಲಿ ಸಿಕ್ಕರು ಎಂದಷ್ಟೇ ಹೇಳಿದರು. ಜೀವ ತೆಗೆದದ್ದು ಹೊಗೆ ಎಂದರು. ಕೊನೆಯವರೆಗೂ ಹೋರಾಡಿದ ಗಟ್ಟಿ ಹೆಂಗಸು ಎಂದು ಊರಿನವರು ಹೊಗಳಿದರು. ಫಿಲೆಮೋನನಿಗೆ ಮಾತ್ರ ಕಣ್ಣು ಮುಚ್ಚಿದರೆ ಆ ಬಿಳಿ ಗಾರೆ ಕಾಣುತ್ತಿತ್ತು. ಆ ಕಾಲಿನಲ್ಲಿ ಬಾಗಿಲಿನಿಂದ ಕೊಳದವರೆಗೆ ಹೇಗೆ ಬಂದರು? ಆ ಇಳಿಜಾರಿನಲ್ಲಿ ಆಳದ ಕಡೆಗೆ ಹೇಗೆ ಹೋದರು, ತೆವಳಿಕೊಂಡೇ? ಅಲ್ಲಿ ಕೂತು ತನ್ನನ್ನು ಬೈದರೇ, ಕಾದರೇ?

ಎಲ್ವೀರಾಗೆ ಎಲ್ಲ ಹೇಳಿದ. ಖಾಲಿ ಮಾಡಿದ್ದು, ಲಾರಿಗೆ ಓಡಿದ್ದು, ಎಲ್ಲ. ಅವಳು ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು.

"ಆ ಮಗಳಿಗೆ ಮಾತ್ರ ಹೇಳ್ಬೇಡ" ಎಂದಳು ಕೊನೆಗೆ. "ನನ್ನಾಣೆ."

ತನ್ನನ್ನು ಉಳಿಸಿಕೊಳ್ಳಲು ಹೀಗನ್ನುತ್ತಾಳೆ ಎಂದುಕೊಂಡ ಫಿಲೆಮೋನ್. ಅವನಿಗೆ ಉಳಿಯುವುದು ಬೇಕಿರಲಿಲ್ಲ. ಶಿಕ್ಷೆ ಬೇಕಿತ್ತು.

ಲೊರೀನ್ ಮಣ್ಣಾದ ದಿನ ಪಟ್ಟಣದ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಊಟವಿತ್ತು. ಬೆಟ್ಟದಿಂದ ಮನೆ ಕಳೆದುಕೊಂಡು ಬಂದವರು ದಾನದ ಬಟ್ಟೆಗಳಲ್ಲಿ ನಿಂತು ಕಾಗದದ ತಟ್ಟೆಯಲ್ಲಿ ತಿನ್ನುತ್ತಿದ್ದರು. ಡಾರ್ಲಾ ತಾನಾಗಿಯೇ ಅವನ ಹತ್ತಿರ ಬಂದಳು. ತಾಯಿಯದೇ ಗಟ್ಟಿ ಗಲ್ಲ, ಕೆಂಪಾದ ಕಣ್ಣು. ಅವನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಹೆಸರು ಹೇಳದೆ ಅಮ್ಮ ಒಂದು ದಿನಾನೂ ಫೋನ್ ಇಡ್ತಿರ್ಲಿಲ್ಲ" ಎಂದಳು. "ಆ ಹೊಗೇಲೂ ನೀವೊಬ್ರೇ ಬರ್ತಿದ್ರಂತೆ. ನೀವಿಲ್ದಿದ್ರೆ ಕೊನೇಲಿ ಅವಳಿಗೆ ಇಳಿಯೋಕೆ ನೀರೂ ಇರ್ತಿರ್ಲಿಲ್ಲ."

ಅಷ್ಟು ಕೇಳಿ ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅಲ್ಲೇ, ಕಾಫಿ ಪಾತ್ರೆಯ ಪಕ್ಕದಲ್ಲಿ ನಿಂತು, ಮಂಗಳವಾರದಿಂದ ಶುರುಮಾಡಿ ಹೇಳಿದ. ಪಾಚಿ, ಪಂಪು, ಕರೆಂಟು, ಲಾರಿ, ಪಟ್ಟಿಯಲ್ಲಿ ಬರೆದಿದ್ದ ಆ ಎರಡು ಮಾತು, ಒಂದನ್ನೂ ಬಿಡಲಿಲ್ಲ. ಕೆನ್ನೆಗೆ ಹೊಡೆಯುತ್ತಾಳೆ, ಕೂಗಿ ಎಲ್ಲರನ್ನೂ ಸೇರಿಸುತ್ತಾಳೆ ಎಂದು ಕಾದ. ಡಾರ್ಲಾ ಹೊಡೆಯಲಿಲ್ಲ, ಕೂಗಲಿಲ್ಲ. ಅವನ ಕೈಗಳನ್ನು ಮೆಲ್ಲಗೆ ಬಿಟ್ಟಳು.

"ಎಷ್ಟಿತ್ತು ನೀರು?" ಎಂದಳು.

ಸುಳ್ಳು ಹೇಳುವುದಕ್ಕೆ ಅದು ಕೊನೆಯ ಅವಕಾಶ. ಸೊಂಟದವರೆಗೆ ಎಂದಿದ್ದರೂ ಅವಳು ನಂಬುತ್ತಿದ್ದಳು. ಆ ಕೊಳದ ಲೆಕ್ಕ ಗೊತ್ತಿದ್ದವನು ಲೋಕದಲ್ಲಿ ಇವನೊಬ್ಬನೇ. ಫಿಲೆಮೋನ್ ಬಗ್ಗಿ ತನ್ನ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದ.

ಡಾರ್ಲಾ ಆ ಕೈಯನ್ನು ನೋಡಿದಳು. ನೋಡಿ, ಪಕ್ಕದ ಕುರ್ಚಿಯಲ್ಲಿ ಕೂತಳು. ಸಭಾಂಗಣದ ಆ ತುದಿಯಲ್ಲಿ ಅವಳ ಇಬ್ಬರು ಮಕ್ಕಳು ಕೇಕು ತಿನ್ನುತ್ತಿದ್ದರು. ಅವಳು ಬಹಳ ಹೊತ್ತು ಅವರನ್ನೇ ನೋಡಿದಳು.

"ಕತ್ತಿನವರೆಗೂ ನೀರಲ್ಲಿದ್ಲು ಅಂದ್ಕೊಂಡಿದ್ದೆ" ಎಂದಳು. "ತಣ್ಣಗೆ ಕೂತಿದ್ಲು, ಹೊಗೆಗೆ ಹಾಗೇ ನಿದ್ದೆ ಬಂತು ಅಂತ. ಮಕ್ಕಳಿಗೂ ಅದನ್ನೇ ಹೇಳಿ ಮಲಗಿಸ್ತಿದೀನಿ. ನಾನೂ ಅದನ್ನೇ ಹೇಳ್ಕೊಂಡು ಮಲಗ್ತಿದ್ದೆ."

ಫಿಲೆಮೋನ್ ಮೊಣಕಾಲಿನ ಹತ್ತಿರ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನೀವು ಹೇಳ್ಬಾರ್ದಿತ್ತು" ಎಂದಳು ಡಾರ್ಲಾ. "ದಯವಿಟ್ಟು ಹೋಗಿ."